ಒಂದೇ ಬ್ಯಾಕ್ಟೀರಿಯಾ, ರಿಪೋರ್ಟಲ್ಲಿ ಎರಡು ಹೆಸರು: ಅನೇರೋಬ್‌ಗಳಿಗೆ ಯಾಕಿಷ್ಟು ಸಲ ಮರುನಾಮಕರಣ?

ಜಾರ್‌ಮುಚ್ಚಳ:
ನಮಸ್ಕಾರ ಎಲ್ರಿಗೂ. ನಾನು ಒಂದು ಮೈಕ್ರೋಬಯಾಲಜಿ ಲ್ಯಾಬಲ್ಲಿ ಅನೇರೋಬ್ (ಆಮ್ಲಜನಕ ಇಲ್ಲದ ಕಡೆ ಬೆಳೆಯೋ ಸೂಕ್ಷ್ಮಜೀವಿ) ಬೆಂಚ್ ನೋಡ್ಕೊಳ್ಳೋನು. ಹೋದ ತಿಂಗಳು ಆದ ಒಂದು ವಿಷ್ಯ ಇನ್ನೂ ಮನಸ್ಸಲ್ಲಿ ಕೊರೀತಿದೆ, ಅದಕ್ಕೆ ಇಲ್ಲಿ ಹಾಕ್ತಿದೀನಿ.

ಭುಜದ ಕೃತಕ ಕೀಲು ಸಡಿಲ ಆಗಿ ಮತ್ತೆ ಆಪರೇಷನ್ ಮಾಡಿಸ್ಕೊಂಡ ಪೇಷಂಟ್. ಐದು ಕಡೆಯಿಂದ ಟಿಶ್ಯೂ ಕಳಿಸಿದ್ರು. ಇಂಥ ಸ್ಯಾಂಪಲ್ಲನ್ನ ನಾವು 14 ದಿನ ಇಡ್ತೀವಿ, ಬೆಳೆಯೋ ಜೀವಿ ಅಷ್ಟು ನಿಧಾನದ್ದು. ಆರನೇ ದಿನ ಒಂದರಲ್ಲಿ ಸಣ್ಣ ಬಿಳಿ ಕಾಲೊನಿ ಬಂತು, ಗ್ರಾಂ ಬಣ್ಣ ಹಾಕಿ ನೋಡಿದ್ರೆ ಅಡ್ಡಾದಿಡ್ಡಿ ಆಕಾರದ ಪಾಸಿಟಿವ್ ಕಡ್ಡಿಗಳು, ಜೀವಿಯ ಪ್ರೋಟೀನ್ ನೋಡಿ ಹೆಸರು ಹೇಳೋ ಮಾಲ್ಡಿ ಮೆಷಿನ್ನಿಗೆ ಹಾಕಿದ್ರೆ ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್ ಅಂತ ಬಂತು, ರಿಪೋರ್ಟ್ ಹೋಯ್ತು. ಹನ್ನೊಂದನೇ ದಿನ ಇನ್ನೊಂದು ಟಿಶ್ಯೂನಲ್ಲೂ ಅದೇ ಥರದ ಕಾಲೊನಿ. ಅಷ್ಟರಲ್ಲಿ ಮೆಷಿನ್ ಲೈಬ್ರರಿ (ಅದರೊಳಗಿನ ಹೆಸರುಗಳ ಪಟ್ಟಿ) ಅಪ್‌ಡೇಟ್ ಆಗಿತ್ತು, ಈ ಸಲ ಬಂದಿದ್ದು ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್. ಅವತ್ತು ಬೆಂಚಲ್ಲಿ ನಾನಿರ್ಲಿಲ್ಲ, ಇದ್ದವರು ಸ್ಕ್ರೀನಲ್ಲಿ ಕಂಡಿದ್ದನ್ನ ಹಾಗೇ ಟೈಪ್ ಮಾಡಿ ಕಳಿಸಿದ್ರು.

ಕೃತಕ ಕೀಲಲ್ಲಿ ಎರಡು ಬೇರೆ ಬೇರೆ ಸ್ಯಾಂಪಲಲ್ಲಿ ಒಂದೇ ಜೀವಿ ಸಿಕ್ಕಿದ್ರೆ ಅದು ಸೋಂಕು ಅನ್ನೋಕೆ ದೊಡ್ಡ ಸಾಕ್ಷಿ. ಒಂದೊಂದರಲ್ಲಿ ಒಂದೊಂದು ಸಿಕ್ಕಿದ್ರೆ ಚರ್ಮದಿಂದ ಅಂಟಿ ಬಂದಿದ್ದು ಇರ್ಬೇಕು ಅಂತ ಪಕ್ಕಕ್ಕಿಡ್ತಾರೆ. ವಾರ್ಡ್‌ನವರು ಎರಡು ಹೆಸರು ನೋಡಿದ್ರು, ಎರಡು ಜೀವಿ ಅಂದ್ಕೊಂಡ್ರು, ಆ್ಯಂಟಿಬಯಾಟಿಕ್ ನಿಲ್ಲಿಸಿದ್ರು. ಎರಡು ದಿನ ಬಿಟ್ಟು ಒಬ್ರು ಡಾಕ್ಟ್ರು ಬೇರೆ ಏನೋ ಕೇಳೋಕೆ ಫೋನ್ ಮಾಡ್ದಾಗ ಮಾತಿಗೆ ಮಾತು ಬಂದು ವಿಷ್ಯ ಹೊರಗೆ ಬಿತ್ತು. ಮತ್ತೆ ಔಷಧಿ ಶುರು ಮಾಡಿದ್ರು, ಪೇಷಂಟ್‌ಗೆ ತೊಂದ್ರೆ ಆಗ್ಲಿಲ್ಲ. ಆದ್ರೆ ಆಗಬಹುದಿತ್ತಲ್ಲ?

ನನ್ನ ಪ್ರಶ್ನೆ ಇಷ್ಟೇ. ಈ ಹೆಸರು ಬದಲಾಯಿಸೋರು ಯಾರು? ಬದಲಾದ ತಕ್ಷಣ ನಾವು ಒಪ್ಪಲೇಬೇಕಾ? ಹಳೇ ಹೆಸರು ಬರೆದ್ರೆ ಅದು ತಪ್ಪಾ?

ಪಿಜಿಎರಡನೇವರ್ಷ:
ಸರ್ ಇದು ಓದಿ ಎದೆ ಧಸಕ್ ಅಂತು. ನಮ್ಮ ಪುಸ್ತಕದಲ್ಲಿ ಇನ್ನೂ ಪ್ರೊಪಿಯೊನಿ ಅಂತಾನೇ ಇದೆ.

ಗ್ರಾಂನೀಲಿ:
ಒಪ್ಪಲೇಬೇಕು. ಹೊಸ ಹೆಸರು ಅಧಿಕೃತವಾಗಿ ಪ್ರಕಟ ಆದ್ಮೇಲೆ ಹಳೇದು ರದ್ದು. ಅಷ್ಟೇ.

ನಿಯಮದಕಟ್ಟು:
@ಗ್ರಾಂನೀಲಿ ಇಲ್ಲ, ಇದು ತುಂಬ ಜನ ಮಾಡೋ ತಪ್ಪು. ಅಧಿಕೃತ ಅನ್ನೋದು ಹೆಸರಿಡೋ ಕ್ರಮಕ್ಕೆ ಮಾತ್ರ, ವರ್ಗೀಕರಣಕ್ಕೆ ಅಧಿಕೃತ ಅಂತ ಒಂದು ಇಲ್ಲವೇ ಇಲ್ಲ. ಪ್ರೊಕ್ಯಾರಿಯೋಟ್‌ಗಳ (ಬ್ಯಾಕ್ಟೀರಿಯಾದಂಥ ಕೋಶಕೇಂದ್ರ ಇಲ್ಲದ ಜೀವಿಗಳ) ನಾಮಕರಣಕ್ಕೆ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಹೆಸರನ್ನ ಹೇಗೆ ಪ್ರಕಟ ಮಾಡ್ಬೇಕು, ಯಾವ ತಳಿಯನ್ನ ಮಾದರಿ ತಳಿ (ಹೆಸರಿಗೆ ಆಧಾರವಾಗಿ ಕಾಪಾಡಿಡೋ ಕಲ್ಚರ್) ಅಂತ ಇಡ್ಬೇಕು, ಎರಡು ಹೆಸರು ಪೈಪೋಟಿಗೆ ಬಿದ್ರೆ ಯಾವುದಕ್ಕೆ ಆದ್ಯತೆ ಅಂತ ಅದು ಹೇಳುತ್ತೆ. ಆದ್ರೆ ಈ ಜಾತಿ (ಹೆಸರಿನ ಎರಡನೇ ಪದ) ಈ ಕುಲಕ್ಕೇ (ಮೊದಲ ಪದ) ಸೇರ್ಬೇಕು ಅಂತ ಅದು ಯಾವತ್ತೂ ಹೇಳಲ್ಲ. ಅದು ವಿಜ್ಞಾನದ ಅಭಿಪ್ರಾಯ. ನೀವು ಆಕ್ನೆಸ್‌ನ ಪ್ರೊಪಿಯೊನಿಬ್ಯಾಕ್ಟೀರಿಯಂ ಕುಲದ್ದೇ ಅಂತ ನಂಬಿದ್ರೆ ಆ ಹಳೇ ಹೆಸರು ಇವತ್ತಿಗೂ ಮಾನ್ಯ ಹೆಸರೇ, ಯಾರೂ ರದ್ದು ಮಾಡಿಲ್ಲ. ಹೊಸ ವರ್ಗೀಕರಣ ಒಪ್ಪಿದ್ರೆ ಮಾತ್ರ ಕ್ಯುಟಿಬ್ಯಾಕ್ಟೀರಿಯಂ ಅನ್ಬೇಕು.

ಹಳೇ ಹೆಸರು ಬರೆದ್ರೆ ತಪ್ಪಾ ಅನ್ನೋದಕ್ಕೆ ಉತ್ತರ: ತಪ್ಪಲ್ಲ. ಒಂದೇ ಪೇಷಂಟ್‌ಗೆ ಎರಡು ಹೆಸರಲ್ಲಿ ಕಳಿಸಿದ್ದು ತಪ್ಪು.

ಗ್ರಾಂನೀಲಿ:
ಹಂಗಾದ್ರೆ ನಾಳೆ ನಾನು ಬ್ಯಾಸಿಲಸ್ ಆಕ್ನೆಸ್ ಅಂತ ಬರೀತೀನಿ, ಅದೂ ಒಂದು ಕಾಲದ ಹೆಸರೇ. ಒಪ್ತೀರಾ?

ನಿಯಮದಕಟ್ಟು:
ಒಳ್ಳೇ ಪ್ರಶ್ನೆ, ಅದಕ್ಕೂ ಉತ್ತರ ಇದೆ. 1980ರ ಜನವರಿ 1ಕ್ಕೆ ಬ್ಯಾಕ್ಟೀರಿಯಾ ಹೆಸರುಗಳ ಲೆಕ್ಕ ಹೊಸದಾಗಿ ಶುರು ಮಾಡಿದ್ರು. ಅದಕ್ಕೂ ಮುಂಚೆ ಹೆಸರುಗಳು ರಾಶಿ ಬಿದ್ದಿದ್ವು, ಎಷ್ಟೋ ಹೆಸರು ಯಾವ ಜೀವಿಗೆ ಅಂತ ಹೇಳೋಕೂ ಆಗ್ತಿರ್ಲಿಲ್ಲ, ತಳಿಯೇ ಉಳಿದಿರ್ಲಿಲ್ಲ. ಗುರುತು ಸಿಗೋ ಎರಡು ಸಾವಿರದ ಚಿಲ್ಲರೆ ಹೆಸರು ಮಾತ್ರ ಪಟ್ಟಿಗೆ ಸೇರಿಸಿ ಮಿಕ್ಕಿದ್ದಕ್ಕೆ ಮಾನ್ಯತೆ ಇಲ್ಲ ಅಂದ್ರು. ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್ ಆ ಪಟ್ಟಿಲಿತ್ತು. ಬ್ಯಾಸಿಲಸ್ ಆಕ್ನೆಸ್ ಇರ್ಲಿಲ್ಲ.

ಹಳೇಬೆಂಚು:
ಈ ಬೆಂಚಲ್ಲಿ ತಲೆ ಕೂದಲು ಬೆಳ್ಳಗಾಗಿದೆ, ಸ್ವಲ್ಪ ಉದ್ದ ಬರೀತೀನಿ, ಓದಿ.

ಆಕ್ನೆಸ್ ಕಥೆನೇ ತಗೊಳ್ಳಿ. ಮೊದಲು ಕಡ್ಡಿ ಥರ ಕಾಣುತ್ತೆ ಅಂತ ಬ್ಯಾಸಿಲಸ್ ಅಂದ್ರು. ಆಮೇಲೆ ಡಿಫ್ತೀರಿಯಾ ಥರ ಅಡ್ಡಾದಿಡ್ಡಿ ನಿಲ್ಲುತ್ತೆ ಅಂತ ಕೊರಿನೆಬ್ಯಾಕ್ಟೀರಿಯಂ ಅಂದ್ರು. 1946ರಲ್ಲಿ ಇದು ಪ್ರೊಪಿಯಾನಿಕ್ ಆಮ್ಲ ಮಾಡುತ್ತಲ್ಲ ಅಂತ ಪ್ರೊಪಿಯೊನಿಬ್ಯಾಕ್ಟೀರಿಯಂಗೆ ಹಾಕಿದ್ರು. 2016ರಲ್ಲಿ ಜೀನೋಮ್ ನೋಡಿ, ಚರ್ಮದ ಮೇಲಿರೋವು ಡೈರಿಯಲ್ಲಿ ಸಿಗೋ ಜಾತಿಗಳಿಂದ ದೂರದವು ಅಂತ ಗೊತ್ತಾಗಿ ಕ್ಯುಟಿಬ್ಯಾಕ್ಟೀರಿಯಂ ಆಯ್ತು, ಕ್ಯುಟಿಸ್ ಅಂದ್ರೆ ಚರ್ಮ. ನಾಲ್ಕು ಹೆಸರು ಅಂತ ಬೈಕೊಳ್ಳೋದು ಸುಲಭ. ಆದ್ರೆ ನೋಡಿ, ಮೊದಲು ಆಕಾರ, ಆಮೇಲೆ ಜೋಡಣೆ, ಆಮೇಲೆ ರಸಾಯನ, ಕೊನೆಗೆ ಜೀನ್. ನಮ್ಮ ಕೈಲಿ ಯಾವ ಉಪಕರಣ ಇತ್ತೋ ಅದಕ್ಕೆ ತಕ್ಕ ಹೆಸರು ಬಂದಿದೆ.

ನಾನು ಸೇರ್ದಾಗ ಅನೇರೋಬ್ ಗುರುತು ಹಿಡಿಯೋದು ಅಂದ್ರೆ ಗ್ಯಾಸ್ ಕ್ರೊಮ್ಯಾಟೊಗ್ರಫಿ. ಮಾಂಸದ ಚೂರಿನ ಬ್ರಾತಲ್ಲಿ ಬೆಳೆಸಿ, ಈಥರ್‌ನಲ್ಲಿ ಆಮ್ಲ ಎಳೆದು, ಸೂಜಿಯಲ್ಲಿ ಚುಚ್ಚಿ ಕಾಯ್ತಾ ಕೂರೋದು, ಕಾಗದದ ಮೇಲೆ ಗೆರೆ ಏಳ್ತಾ ಹೋಗ್ತಿತ್ತು. ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್, ಆ ಏಳೋ ಗೆರೆಗಳ ಸಾಲು ನೋಡಿ ಇದು ಯಾವ ಕುಲ ಅಂತ ಹೇಳ್ತಿದ್ವಿ. ಬ್ಯುಟಿರಿಕ್ ಗೆರೆ ಎದ್ದು ಬೀಜಾಣೂ (ಕಷ್ಟಕಾಲ ತಡ್ಕೊಳ್ಳೋ ಗಟ್ಟಿ ರೂಪ) ಇದ್ರೆ ಕ್ಲಾಸ್ಟ್ರಿಡಿಯಂ, ಬೀಜಾಣು ಇಲ್ದಿದ್ರೆ ಫ್ಯೂಸೋಬ್ಯಾಕ್ಟೀರಿಯಂ ಇರಬಹುದು ಅಂತ ಹುಡುಕ್ತಿದ್ವಿ. ಎಷ್ಟೋ ಸಲ ಸರಿ ಇರ್ತಿತ್ತು. ಎಷ್ಟೋ ಸಲ ಸಂಬಂಧವೇ ಇಲ್ಲದವು ಒಂದೇ ಕುಲಕ್ಕೆ ಬಿದ್ವು.

ಸೀಕ್ವೆನ್ಸ್‌ಪ್ರಿಯೆ:
@ಹಳೇಬೆಂಚು ಸರ್ ಇದಕ್ಕೆ ಒಳ್ಳೇ ಉದಾಹರಣೆ ಫೀಕಾಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿ. ಆರೋಗ್ಯವಂತರ ಕರುಳಲ್ಲಿ ತುಂಬಾನೇ ಇರೋ ಜೀವಿ, ಬ್ಯುಟಿರೇಟ್ ಮಾಡುತ್ತೆ, ಬೀಜಾಣು ಇಲ್ಲ. ಅದಕ್ಕೆ ವರ್ಷಗಟ್ಟಲೆ ಫ್ಯೂಸೋಬ್ಯಾಕ್ಟೀರಿಯಂ ಅಂತಾನೇ ಕರೀತಿದ್ರು. 2002ರಲ್ಲಿ ಬೇರೆ ಕುಲ ಮಾಡಿದ್ರು, 16ಎಸ್ ಜೀನ್ (ಬ್ಯಾಕ್ಟೀರಿಯಾಗಳ ನೆಂಟಸ್ತಿಕೆ ಅಳೆಯೋಕೆ ಹೋಲಿಸೋ ಜೀನ್) ನೋಡಿದ್ರೆ ಅದು ಕ್ಲಾಸ್ಟ್ರಿಡಿಯಂಗಳ ಕಡೆಯವರ ಬಂಧು, ಫ್ಯೂಸೋಬ್ಯಾಕ್ಟೀರಿಯಂಗೂ ಅದಕ್ಕೂ ಫೈಲಂ (ಕುಲಕ್ಕಿಂತ ಬಹಳ ಮೇಲಿನ ದೊಡ್ಡ ವಿಭಾಗ) ಮಟ್ಟದಲ್ಲೇ ವ್ಯತ್ಯಾಸ.

ಪಿಜಿಎರಡನೇವರ್ಷ:
ಕ್ಲಾಸ್ಟ್ರಿಡಿಯಂ ಅಂದ್ರೆ ಗ್ರಾಂ ಪಾಸಿಟಿವ್, ಬೀಜಾಣು, ಅನೇರೋಬ್ ಅಂತ ಮೂರು ಗೆರೆ ನೋಟ್ಸ್ ಇದೆ ನನ್ನತ್ರ. ಅದು ಸಾಲಲ್ವಾ?

ಹಳೇಬೆಂಚು:
ತಾಯಿ, ಆ ಮೂರು ಗೆರೆನೇ ಎಲ್ಲಾ ರಾದ್ಧಾಂತಕ್ಕೆ ಮೂಲ. ಆ ಮೂರು ಗುಣ ಇರೋದನ್ನೆಲ್ಲ ನೂರು ವರ್ಷ ಒಂದೇ ಗೋಣಿಚೀಲಕ್ಕೆ ತುಂಬಿದ್ರು. ಕುಲದ ಮಾದರಿ ಜಾತಿ ಬ್ಯುಟಿರಿಕಂ, 1880ರದ್ದು. ಆ ಚೀಲದಲ್ಲಿ ಟೆಟನಿ, ಬೊಟುಲಿನಂ, ಪರ್ಫ್ರಿಂಜೆನ್ಸ್ ನಿಜವಾಗ್ಲೂ ಬ್ಯುಟಿರಿಕಂ ಬಂಧುಗಳು. ಇನ್ನು ಎಷ್ಟೋ ಜಾತಿಗೆ ಅದರ ಜೊತೆ ಹತ್ತಿರದ ನೆಂಟಸ್ತಿಕೆ ಇಲ್ಲ. ರಾಮೋಸಂ ಅಂತ ಒಂದಿತ್ತು, ಬಹಳ ಸಲ ಗ್ರಾಂ ನೆಗೆಟಿವ್ ಆಗಿ ಕಾಣ್ತಿತ್ತು, ಬೀಜಾಣು ಹುಡುಕಿ ಹುಡುಕಿ ಸಾಕಾಗ್ತಿತ್ತು, ಆದ್ರೂ ಕ್ಲಾಸ್ಟ್ರಿಡಿಯಂ ಅಂತಾನೇ ಬರೀಬೇಕಿತ್ತು. ಈಗ ಅದು ಥಾಮಸ್ಕ್ಲಾವೆಲಿಯಾ ರಾಮೋಸಾ.

ಸೀಕ್ವೆನ್ಸ್‌ಪ್ರಿಯೆ:
ಸರಿಯಾಗಿ ಹೇಳಿದ್ರಿ. 1994ರಲ್ಲಿ 16ಎಸ್ ಆಧಾರದ ಮೇಲೆ ಆ ಚೀಲವನ್ನ ರೋಮನ್ ಅಂಕಿ ಹಾಕಿ ಗುಂಪುಗಳಾಗಿ ವಿಂಗಡಿಸಿದ್ರು. ಒಂದನೇ ಗುಂಪು ಅಸಲಿ ಕ್ಲಾಸ್ಟ್ರಿಡಿಯಂ. ಕ್ಲಾಸ್ಟ್ರಿಡಿಯಂ ಡಿಫಿಸಿಲೆ ಹನ್ನೊಂದನೇ ಗುಂಪು. ಹಾಗಾಗಿ ಅದಕ್ಕೆ ಹೊಸ ಹೆಸರು ಬರುತ್ತೆ ಅನ್ನೋದು ಅವತ್ತೇ ಗೊತ್ತಿತ್ತು, ಬರೋಕೆ 22 ವರ್ಷ ಹಿಡೀತು.

ವಾರ್ಡ್‌ಡಾಕ್ಟ್ರು:
ನಾನು ಆ ಕಡೆಯವನು, ರಿಪೋರ್ಟ್ ಓದೋನು. ಕೋಪ ಮಾಡ್ಕೋಬೇಡಿ, ಆದ್ರೆ ನಿಮಗೆ ವಂಶವೃಕ್ಷ ಮುಖ್ಯ, ನಮಗೆ ರಾತ್ರಿ ಎರಡು ಗಂಟೆಗೆ ಯಾವ ಔಷಧಿ ಬರೀಬೇಕು ಅನ್ನೋದು ಮುಖ್ಯ. ಪೆಪ್ಟೊಸ್ಟ್ರೆಪ್ಟೊಕಾಕಸ್ ಅಂದ್ರೆ ತಕ್ಷಣ ಅರ್ಥ ಆಗುತ್ತೆ. ಫೈನ್‌ಗೋಲ್ಡಿಯಾ, ಪಾರ್ವಿಮೊನಾಸ್, ಅನೇರೋಕಾಕಸ್, ಪೆಪ್ಟೊನಿಫಿಲಸ್ ಅಂತ ಅದನ್ನೇ ಒಡೆದು ಬೇರೆ ಬೇರೆ ಹೆಸರಲ್ಲಿ ಕಳಿಸಿದ್ರೆ ನಾನು ಫೋನಲ್ಲಿ ಹುಡುಕ್ತಾ ನಿಂತ್ಕೋಬೇಕು. ಹೆಸರು ಅನ್ನೋದು ಗುರುತಿಗೆ ಇರೋದು ತಾನೆ? ಗುರುತೇ ಸಿಗದಂಗೆ ಮಾಡಿದ್ರೆ ಅದ್ಯಾವ ಸುಧಾರಣೆ?

ಲ್ಯಾಟಿನ್‌ಪಾಠ:
ಡಾಕ್ಟ್ರೇ ನಿಮ್ಮ ಪಟ್ಟಿಯಲ್ಲಿ ಪಾರ್ವಿಮೊನಾಸ್ ಕಥೆ ಕೇಳಿ. ಪೆಪ್ಟೊಸ್ಟ್ರೆಪ್ಟೊಕಾಕಸ್ ಮೈಕ್ರೋಸ್ ಅಂತಿದ್ದದ್ದನ್ನ 1999ರಲ್ಲಿ ಮೈಕ್ರೊಮೊನಾಸ್ ಮೈಕ್ರೋಸ್ ಮಾಡಿದ್ರು. ಆದ್ರೆ ಮೈಕ್ರೊಮೊನಾಸ್ ಅನ್ನೋದು ಸಮುದ್ರದ ಒಂದು ಸಣ್ಣ ಪಾಚಿಯ ಕುಲಕ್ಕೆ ಆಗಲೇ ಇಟ್ಟಿದ್ದ ಹೆಸರು. ಪಾಚಿಗೆ ಇರೋ ಹೆಸರನ್ನ ಬ್ಯಾಕ್ಟೀರಿಯಾಕ್ಕೆ ಇಡಂಗಿಲ್ಲ ಅಂತ ನಿಯಮ ಇದೆ. ಅದಕ್ಕೇ 2006ರಲ್ಲಿ ಪಾರ್ವಿಮೊನಾಸ್ ಮೈಕ್ರಾ ಅಂತ ಮತ್ತೆ ಬದಲಾಯಿಸಬೇಕಾಯ್ತು.

ಇನ್ನು ಪೆಪ್ಟೊಸ್ಟ್ರೆಪ್ಟೊಕಾಕಸ್ ಮ್ಯಾಗ್ನಸ್ ಹೋಗಿ ಫೈನ್‌ಗೋಲ್ಡಿಯಾ ಮ್ಯಾಗ್ನಾ ಯಾಕಾಯ್ತು, ಮೈಕ್ರೋಸ್ ಹೋಗಿ ಮೈಕ್ರಾ ಯಾಕಾಯ್ತು ಅಂತ ನನ್ನ ತುಂಬ ಜನ ಕೇಳಿದಾರೆ. ಮ್ಯಾಗ್ನಸ್ ಅಂದ್ರೆ ದೊಡ್ಡದು. ನಮಗೆ ದೊಡ್ಡ ಮರ, ದೊಡ್ಡ ಹೆಂಗಸು, ದೊಡ್ಡ ಗಂಡಸು, ಎಲ್ಲಕ್ಕೂ ದೊಡ್ಡ ಒಂದೇ. ಲ್ಯಾಟಿನ್‌ನಲ್ಲಿ ವಿಶೇಷಣಕ್ಕೂ ಲಿಂಗ ಇದೆ. ಕೋಕಸ್ ಪುಲ್ಲಿಂಗ, ಅದಕ್ಕೆ ಮ್ಯಾಗ್ನಸ್. ಫೈನ್‌ಗೋಲ್ಡಿಯಾ ಸ್ತ್ರೀಲಿಂಗ, ಅದಕ್ಕೆ ಮ್ಯಾಗ್ನಾ. ಯೂಬ್ಯಾಕ್ಟೀರಿಯಂ ಲೆಂಟಂ ಎಗರ್ಥೆಲ್ಲಾ ಲೆಂಟಾ ಆಗಿದ್ದೂ ಹಾಗೇ. ಈ ಬಾಲ ಬದಲಾಗೋದು ಗೊತ್ತಿದ್ರೆ ಅರ್ಧ ಗೊಂದಲ ಕಡಿಮೆ ಆಗುತ್ತೆ, ಬುಡದ ಪದ ಅದೇ ಇರುತ್ತೆ.

ವಾರ್ಡ್‌ಡಾಕ್ಟ್ರು:
ಇದು ನಿಜಕ್ಕೂ ಉಪಯೋಗದ ಮಾತು. ಎರಡನೇ ಪದ ನೋಡಿ ಪತ್ತೆ ಹಚ್ಚೋದು.

ನಿಯಮದಕಟ್ಟು:
ಹೌದು, ಸಾಮಾನ್ಯವಾಗಿ ಕುಲ ಬದಲಾದ್ರೂ ಜಾತಿಯ ಪದ ಜೊತೆಲೇ ಹೋಗುತ್ತೆ. @ಜಾರ್‌ಮುಚ್ಚಳ ನಿಮ್ಮ ಎರಡೂ ರಿಪೋರ್ಟಲ್ಲಿ ಆಕ್ನೆಸ್ ಅಂತ ಇತ್ತಲ್ಲ, ಅದೇ ಸುಳಿವು.

ಸುಮ್ನೆಓದುಗ:
ಬ್ಯಾಕ್ಟೀರಾಯ್ಡಿಸ್ ಥೀಟಾಅಯೋಟಾಓಮಿಕ್ರಾನ್ ಅಂತ ಒಂದು ಹೆಸರು ಕಂಡೆ. ಇದು ಯಾವ ಲ್ಯಾಟಿನ್ ಪದ?

ಲ್ಯಾಟಿನ್‌ಪಾಠ:
ಮೂರು ಗ್ರೀಕ್ ಅಕ್ಷರ ಸೇರಿಸಿದ್ದು ಅಷ್ಟೇ, ಥೀಟಾ, ಅಯೋಟಾ, ಓಮಿಕ್ರಾನ್. 1912ರ ಹೆಸರು. ಮುದ್ದಾಗಿ ಬಿ ಥೀಟಾ ಅಂತಾರೆ. ಹೆಸರು ಅರ್ಥ ಕೊಡಲೇಬೇಕು ಅಂತ ಏನಿಲ್ಲ, ಒಂದು ಗುರುತು ಸಾಕು. ಸರಿ ಹೊಂದಲ್ಲ ಅನ್ನೋ ಒಂದೇ ಕಾರಣಕ್ಕೆ ಹೆಸರು ತೆಗೆಯಂಗೂ ಇಲ್ಲ.

ಸೀಕ್ವೆನ್ಸ್‌ಪ್ರಿಯೆ:
ಅದಕ್ಕೆ ಮೆಥನೋಬ್ಯಾಕ್ಟೀರಿಯಂ ಸಾಕ್ಷಿ. ಗಾಳಿ ತಾಗಿದ್ರೆ ಬೆಳೆಯದ ಅನೇರೋಬ್, ಮೀಥೇನ್ ಮಾಡುತ್ತೆ, ಹೆಸರಲ್ಲೇ ಬ್ಯಾಕ್ಟೀರಿಯಂ ಅಂತಿದೆ, ಆದ್ರೆ ಬ್ಯಾಕ್ಟೀರಿಯಾನೇ ಅಲ್ಲ. ಇಂಥ ಮೀಥೇನ್ ಜೀವಿಗಳು ಪೂರಾ ಬೇರೆ ಕವಲು ಅಂತ 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿದ್ರು, ಈಗ ಆರ್ಕಿಯಾ ಅಂತೀವಿ. ಹೆಸರು ಮಾತ್ರ ಹಾಗೇ ಉಳೀತು.

ಗ್ರಾಂನೀಲಿ:
ಸರಿ, ನನ್ನ ಮೊದಲ ಮಾತು ವಾಪಸ್ ತಗೋತೀನಿ, ಹಳೇದು ರದ್ದಾಗಲ್ಲ. ಆದ್ರೆ ಡಾಕ್ಟ್ರು ಹೇಳಿದ್ದನ್ನ ಒಪ್ಪಲ್ಲ. ಕುಲ ಸರಿ ಇದ್ರೆ ಚಿಕಿತ್ಸೆಗೂ ಉಪಯೋಗ ಇದೆ. ಇದೇ ಆಕ್ನೆಸ್ ನೋಡಿ, ಅನೇರೋಬ್ ಅಂತ ಕಂಡ ತಕ್ಷಣ ಮೆಟ್ರೊನಿಡಜೋಲ್ ಬರೆಯೋರು ಎಷ್ಟು ಜನ! ಅದಕ್ಕೆ ಆ ಔಷಧಿ ಹುಟ್ಟಿನಿಂದಲೇ ನಾಟಲ್ಲ. ಅನೇರೋಬ್ ಅನ್ನೋದು ಒಂದು ವಂಶ ಅಲ್ಲ ರೀ, ಬದುಕೋ ರೀತಿ ಅಷ್ಟೇ. ಬ್ಯಾಕ್ಟೀರಾಯ್ಡಿಸ್‌ಗೂ ಕ್ಲಾಸ್ಟ್ರಿಡಿಯಂಗೂ ಆಕ್ನೆಸ್‌ಗೂ ಇರೋ ದೂರ ಅಷ್ಟಿಷ್ಟಲ್ಲ, ಮೂರೂ ಮೂರು ಫೈಲಂ.

ಹಳೇಬೆಂಚು:
ಹೌದು. ಮೆಟ್ರೊನಿಡಜೋಲ್ ಅನೇರೋಬ್ ಕೊಲ್ಲುತ್ತೆ ಅಂತ ಗೊತ್ತಾಗಿದ್ದೇ ಅಕಸ್ಮಾತ್, ಟ್ರೈಕೊಮೊನಾಸ್ ಅನ್ನೋ ಪರೋಪಜೀವಿ‌ಗೆ ಅಂತ ಕೊಟ್ಟಿದ್ದ ಮಾತ್ರೆಯಿಂದ ಒಬ್ಬ ಹೆಂಗಸಿನ ಒಸಡಿನ ಹುಣ್ಣೂ ವಾಸಿ ಆಯ್ತು, 1962ರಲ್ಲಿ ಅದು ಪ್ರಕಟ ಆಯ್ತು. ಅಲ್ಲಿಂದ ಆ ಔಷಧಿಯ 5 ಮೈಕ್ರೋಗ್ರಾಂ ಡಿಸ್ಕ್ ಪ್ಲೇಟ್ ಮೇಲಿಟ್ಟು, ಸುತ್ತ ಬೆಳೆಯದೆ ಇದ್ರೆ ಅನೇರೋಬ್ ಅನ್ನೋ ಅಭ್ಯಾಸ ಬಂತು. ಡಿಸ್ಕ್ ಪಕ್ಕದ ತನಕ ಬೆಳೆದಿದ್ದನ್ನ ಅನೇರೋಬ್ ಅಲ್ಲ ಅಂತ ಬಿಟ್ರೆ ಆಕ್ನೆಸ್, ಆ್ಯಕ್ಟಿನೊಮೈಸಿಸ್ ಎರಡೂ ಕೈತಪ್ಪುತ್ವೆ.

ಟರ್ಷಿಯಂ ಇನ್ನೊಂದು. ಕ್ಲಾಸ್ಟ್ರಿಡಿಯಂ ಟರ್ಷಿಯಂ ಗಾಳಿಯಲ್ಲೂ ಸ್ವಲ್ಪ ಬೆಳೆಯುತ್ತೆ. ರಕ್ತದ ಕಲ್ಚರಲ್ಲಿ ಬಂದ್ರೆ ಬ್ಯಾಸಿಲಸ್ ಕಂಟಾಮಿನೇಷನ್ ಅಂತ ತಿಪ್ಪೆಗೆ ಹಾಕೋರಿದಾರೆ. ಕ್ಯಾಟಲೇಸ್ ಪರೀಕ್ಷೆ ಮಾಡಿ ನೋಡಿ, ಬ್ಯಾಸಿಲಸ್ ಥರ ನೊರೆ ಬರಲ್ಲ. ಬೀಜಾಣುವೂ ಗಾಳಿ ಇಲ್ಲದಾಗ ಮಾತ್ರ ಆಗುತ್ತೆ.

ಪಿಜಿಎರಡನೇವರ್ಷ:
ಡಿಫಿಸಿಲೆ ವಿಷ್ಯ ಯಾರಾದ್ರೂ ಪೂರ್ತಿ ಹೇಳ್ತೀರಾ? ವೈವಾದಲ್ಲಿ ಕೇಳೇ ಕೇಳ್ತಾರೆ. ಮತ್ತೆ ಉಚ್ಚಾರಣೆ ಡಿಫಿಸೈಲಾ ಡಿಫಿಸಿಲೆನಾ?

ನಿಯಮದಕಟ್ಟು:
1935ರಲ್ಲಿ ಹಾಲ್ ಮತ್ತು ಓಟೂಲ್ ಅನ್ನೋರು ಹಸುಗೂಸುಗಳ ಮಲದಲ್ಲಿ ಕಂಡು ಬ್ಯಾಸಿಲಸ್ ಡಿಫಿಸಿಲಿಸ್ ಅಂದ್ರು, ಬೇರ್ಪಡಿಸಿ ಬೆಳೆಸೋದು ಕಷ್ಟ ಆಗಿತ್ತು ಅಂತ. ಆಮೇಲೆ ಕ್ಲಾಸ್ಟ್ರಿಡಿಯಂಗೆ ಹೋಯ್ತು. ಆ್ಯಂಟಿಬಯಾಟಿಕ್ ತಗೊಂಡವರಿಗೆ ಬರೋ ಕರುಳಿನ ಉರಿಯೂತಕ್ಕೆ ಇದರ ಟಾಕ್ಸಿನ್ ಕಾರಣ ಅಂತ 1978ರಲ್ಲಿ ಖಚಿತ ಆಯ್ತು. 2013ರಲ್ಲಿ ಪೆಪ್ಟೊಕ್ಲಾಸ್ಟ್ರಿಡಿಯಂ ಅಂತ ಒಂದು ಸಲಹೆ ಬಂತು, ನಿಯಮದ ಪ್ರಕಾರ ಅದು ಮಾನ್ಯವಾಗಿ ಪ್ರಕಟ ಆಗಿರ್ಲಿಲ್ಲ. ಅಷ್ಟರಲ್ಲೇ ಕೆಲವು ಡೇಟಾಬೇಸ್‌ಗಳಿಗೆ ನುಗ್ಗಿಬಿಟ್ಟಿತ್ತು. ಮೊದಲಕ್ಷರ ಸಿ ಹೋಗಿ ಪಿ ಬಂದ್ರೆ ಸಿ ಡಿಫ್ ಅಂತ ಎಲ್ಲರ ಬಾಯಲ್ಲಿರೋ ಹೆಸರು, ಎಷ್ಟೋ ಕಿಟ್‌ಗಳ ಲೇಬಲ್ಲು, ಮಾರ್ಗಸೂಚಿ ಎಲ್ಲಾ ಬದಲಾಗ್ಬೇಕಿತ್ತು. 2016ರಲ್ಲಿ ಲಾಸನ್ ಮತ್ತವರ ಸಂಗಡಿಗರು ಕ್ಲಾಸ್ಟ್ರಿಡಿಯಾಯ್ಡಿಸ್ ಅಂತ ಕುಲ ಮಾಡಿದ್ರು. ವಂಶವೂ ಸರಿ ಹೋಯ್ತು, ಸಿ ಡಿಫ್ ಕೂಡ ಉಳೀತು. ಹೆಸರಿಡೋರು ಬಳಸೋರ ಬಗ್ಗೆ ಯೋಚನೆ ಮಾಡಿದ್ದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ.

ಉಚ್ಚಾರಣೆ ಎರಡೂ ನಡೆಯುತ್ತೆ, ವೈವಾದಲ್ಲಿ ಕೇಳೋರು ಯಾವುದು ಹೇಳ್ತಾರೋ ಅದೇ ಹೇಳಮ್ಮ.

ವಾರ್ಡ್‌ಡಾಕ್ಟ್ರು:
ಹಾಗಾದ್ರೆ ಬೊಟುಲಿನಂ ಯಾಕೆ ಮುಟ್ಟಿಲ್ಲ? ಅದರಲ್ಲೂ ಬೇರೆ ಬೇರೆ ಜೀವಿ ಇದಾವೆ ಅಂತ ಓದಿದ ನೆನಪು.

ಹಳೇಬೆಂಚು:
ನಿಮ್ಮ ನೆನಪು ಸರಿ. ಬೊಟುಲಿನಂ ಅನ್ನೋದು ಟಾಕ್ಸಿನ್ ನೋಡಿ ಇಟ್ಟ ಹೆಸರು. ಆ ವಿಷ ಮಾಡುತ್ತೆ ಅಂದ್ರೆ ಬೊಟುಲಿನಂ, ಅಷ್ಟೇ ಲೆಕ್ಕ. ಜೀನೋಮ್ ನೋಡಿದ್ರೆ ಒಳಗೆ ನಾಲ್ಕು ಗುಂಪು, ಒಂದನೇ ಗುಂಪು ಸ್ಪೊರೊಜೆನಿಸ್‌ಗೆ ಎಷ್ಟು ಹತ್ತಿರ ಅಂದ್ರೆ ವಿಷ ಇದ್ರೆ ಬೊಟುಲಿನಂ, ವಿಷ ಇಲ್ದಿದ್ರೆ ಸ್ಪೊರೊಜೆನಿಸ್ ಅನ್ನೋ ಹಾಗೆ. ಜಿ ಟೈಪ್ ವಿಷ ಮಾಡೋದನ್ನ 1988ರಲ್ಲಿ ಅರ್ಜೆಂಟಿನೆನ್ಸ್ ಅಂತ ಬೇರೆ ಮಾಡಿದ್ರು. ಇನ್ನೊಂದು ಕಡೆ ಬ್ಯುಟಿರಿಕಂ, ಬರಾಟಿಯ ಕೆಲವು ತಳಿಗಳೂ ಅದೇ ವಿಷ ಮಾಡ್ತಾವೆ, ಅವಕ್ಕೆ ಬೊಟುಲಿನಂ ಅನ್ನಲ್ಲ. ಶಾಸ್ತ್ರ ನೋಡಿದ್ರೆ ತಲೆಬುಡ ಇಲ್ಲ. ಆದ್ರೂ ನಾನು ಆ ಹೆಸರು ಮುಟ್ಟಬೇಡಿ ಅಂತೀನಿ, ಯಾಕಂದ್ರೆ ಅಲ್ಲಿ ಹೆಸರು ತಪ್ಪಿದ್ರೆ ಜೀವ ಹೋಗುತ್ತೆ. ನಿಯಮಾವಳಿಯಲ್ಲೂ ಇದಕ್ಕೆ ಜಾಗ ಇದೆ, ಆರೋಗ್ಯಕ್ಕೆ ಅಪಾಯ ತರೋ ಹೆಸರನ್ನ ಅಪಾಯಕಾರಿ ಹೆಸರು ಅಂತ ತಿರಸ್ಕರಿಸಬಹುದು.

ಸೀಕ್ವೆನ್ಸ್‌ಪ್ರಿಯೆ:
ಇಲ್ಲಿ ನಾನು ಒಪ್ಪಲ್ಲ ಸರ್. ಟಾಕ್ಸಿನ್ ಜೀನು ಪ್ಲಾಸ್ಮಿಡ್ (ಬಿಡಿ ಡಿಎನ್‌ಎ ತುಂಡು) ಮೇಲೆ, ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲೋ ವೈರಸ್) ಮೇಲೆ ಓಡಾಡುತ್ತೆ. ಓಡಾಡೋ ವಸ್ತುವನ್ನ ನಂಬಿ ಜಾತಿ ಕಟ್ಟಿದ್ರೆ ವಿಷ ಕಳ್ಕೊಂಡ ದಿನ ಜಾತಿನೂ ಬದಲಾಗುತ್ತಾ? ವೈದ್ಯರಿಗೆ ವಿಷದ ಹೆಸರು ಬೇಕಾದ್ರೆ ರಿಪೋರ್ಟಲ್ಲಿ ವಿಷ ಮಾಡುತ್ತೆ ಅಂತ ಬೇರೆ ಸಾಲಲ್ಲಿ ಬರೀಬಹುದು. ಜಾತಿ ಹೆಸರಿಗೆ ಎರಡು ಕೆಲಸ ಹೊರಿಸೋದು ಬೇಡ.

ಹಳೇಬೆಂಚು:
ನೀವು ಹೇಳೋದು ಶಾಸ್ತ್ರಕ್ಕೆ ಸರಿ. ರಿಪೋರ್ಟಿನ ಎರಡನೇ ಸಾಲು ಯಾರೂ ಓದಲ್ಲಮ್ಮ, ಅದು ನನ್ನ ಅನುಭವ.

ವಾರ್ಡ್‌ಡಾಕ್ಟ್ರು:
ಓದಲ್ಲ, ಅದು ನಿಜ.

ಸುಮ್ನೆಓದುಗ:
ಫರ್ಮಿಕ್ಯೂಟಿಸ್ ಅನ್ನೋ ಫೈಲಂ ಹೆಸರು ಹೋಗಿ ಬ್ಯಾಸಿಲ್ಲೋಟಾ ಆಗಿದ್ದೂ ಇದೇ ಗಲಾಟೆನಾ?

ಸೀಕ್ವೆನ್ಸ್‌ಪ್ರಿಯೆ:
ಅದು ಬೇರೆ. ಫೈಲಂ ಮಟ್ಟಕ್ಕೆ ನಿಯಮವೇ ಇರ್ಲಿಲ್ಲ, 2021ರಲ್ಲಿ ಸೇರಿಸಿದ್ರು. ಒಂದು ಮಾದರಿ ಕುಲದ ಹೆಸರಿಗೆ ಓಟಾ ಅಂತ ಬಾಲ ಹಚ್ಚಬೇಕು ಅಂತಾಯ್ತು. ಬ್ಯಾಸಿಲಸ್‌ನಿಂದ ಬ್ಯಾಸಿಲ್ಲೋಟಾ, ಬ್ಯಾಕ್ಟೀರಾಯ್ಡಿಸ್‌ನಿಂದ ಬ್ಯಾಕ್ಟೀರಾಯ್ಡೋಟಾ. ಅಲ್ಲಿ ಜೀವಿಗಳು ಜಾಗ ಬದಲಾಯಿಸಿಲ್ಲ, ಬೋರ್ಡ್ ಮಾತ್ರ ಬದಲಾಗಿದೆ. ಆಕ್ನೆಸ್, ಡಿಫಿಸಿಲೆ ವಿಷ್ಯದಲ್ಲಿ ಜೀವಿನೇ ಬೇರೆ ಕುಲಕ್ಕೆ ಹೋಗಿದೆ.

ಇನ್ನೊಂದು ಕಷ್ಟ ಇದೆ. ಹೊಸ ಜಾತಿಗೆ ಮಾನ್ಯ ಹೆಸರು ಬೇಕಂದ್ರೆ ಜೀವಂತ ತಳಿಯನ್ನ ಎರಡು ಬೇರೆ ದೇಶಗಳ ಸಂಗ್ರಹಾಲಯದಲ್ಲಿ ಇಡ್ಬೇಕು. ಕರುಳಿನ, ಕೆಸರಿನ ಎಷ್ಟೋ ಅನೇರೋಬ್‌ಗಳನ್ನ ಬೆಳೆಸೋಕೇ ಆಗಿಲ್ಲ, ಡಿಎನ್‌ಎ ಮಾತ್ರ ಸಿಕ್ಕಿದೆ. ಅವಕ್ಕೆ ಕ್ಯಾಂಡಿಡೇಟಸ್ ಅಂತ ತಾತ್ಕಾಲಿಕ ಪಟ್ಟ. ಅದಕ್ಕೇ 2022ರಲ್ಲಿ ಜೀನೋಮನ್ನೇ ಮಾದರಿ ಅಂತ ಒಪ್ಪೋ ಸೀಕ್‌ಕೋಡ್ ಅಂತ ಬೇರೆ ನಿಯಮಾವಳಿ ಬಂದಿದೆ.

ನಿಯಮದಕಟ್ಟು:
ಎರಡು ನಿಯಮಾವಳಿ ಇದ್ರೆ ಒಂದೇ ಜೀವಿಗೆ ಎರಡು ಕಡೆ ಎರಡು ಹೆಸರು ಬರೋ ದಾರಿ ತೆರೆದ ಹಾಗೆ. ನನಗೆ ಅದು ಸಮಾಧಾನ ಇಲ್ಲ. ಇದಕ್ಕೆ ಬೇರೆ ಚರ್ಚೆ ಶುರು ಮಾಡೋಣ, ಇಲ್ಲಿ ಬೇಡ.

ಕನ್ನಡಪದ:
ಅಡ್ಡ ಬಾಯಿ ಹಾಕ್ತಿದೀನಿ ಕ್ಷಮಿಸಿ. ಅನೇರೋಬ್‌ಗೆ ಅವಾಯುಜೀವಿ ಅನ್ನಬಹುದಲ್ಲ? ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ಕಷ್ಟ, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ, ಕುಲ ಯಾವುದು ಜಾತಿ ಯಾವುದು ಅಂತ ನೋಡಿದ ಕೂಡ್ಲೇ ಗೊತ್ತಾಗಲ್ಲ.

ಹಳೇಬೆಂಚು:
ಅವಾಯುಜೀವಿ ಪದ ಚೆನ್ನಾಗಿದೆ. ಆದ್ರೆ ಸಮಸ್ಯೆ ವಾಯು ಅಲ್ಲ, ಆಮ್ಲಜನಕ. ಅನೇರೋಬ್ ಬೆಳೆಸೋ ಜಾರೊಳಗೂ ಗಾಳಿ ಇರುತ್ತೆ, ನೈಟ್ರೊಜನ್ನು, ಹೈಡ್ರೊಜನ್ನು, ಕಾರ್ಬನ್ ಡೈಆಕ್ಸೈಡು.

ಜಾರ್‌ಮುಚ್ಚಳ:
ಎಲ್ಲರದ್ದೂ ಓದಿದೆ, ತುಂಬ ಉಪಕಾರ ಆಯ್ತು. ನಿನ್ನೆ ಲ್ಯಾಬಲ್ಲಿ ಕೂತು ಮೂರು ಕೆಲಸ ಮಾಡಿದ್ವಿ. ಒಂದು, ರಿಪೋರ್ಟಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ (ಹಿಂದಿನ ಹೆಸರು ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್) ಅಂತ ಒಂದೇ ಸಾಲಲ್ಲಿ ಬರೋ ಹಾಗೆ ಮಾಡಿದ್ವಿ, ಡಾಕ್ಟ್ರು ಹೇಳಿದ ಹಾಗೆ ಎರಡನೇ ಸಾಲಿಗೆ ಬಿಟ್ಟಿಲ್ಲ. ಇನ್ನೊಂದು, ಮೆಷಿನ್ ಲೈಬ್ರರಿ ಅಪ್‌ಡೇಟ್ ಆದ ದಿನ ಯಾವ ಯಾವ ಸ್ಯಾಂಪಲ್ ಇನ್ನೂ ಇನ್‌ಕ್ಯುಬೇಟರಲ್ಲಿದೆ ಅಂತ ಪಟ್ಟಿ ತೆಗೆದು, ಹೊಸ ಹೆಸರು ಬಂದ್ರೆ ಹಳೇ ರಿಪೋರ್ಟನ್ನೂ ತಿದ್ದಿ ಕಳಿಸೋದು. ಆಮೇಲೆ ಬದಲಾದ ಹೆಸರುಗಳ ಒಂದು ಹಾಳೆ ವಾರ್ಡ್‌ಗಳಿಗೆ ಕೊಟ್ವಿ, ಜಾತಿಯ ಪದ ದಪ್ಪಕ್ಷರದಲ್ಲಿ.

ಲ್ಯಾಟಿನ್‌ಪಾಠ:
ಹಾಳೆಯಲ್ಲಿ ಬ್ಯಾಕ್ಟೀರಾಯ್ಡಿಸ್ ವಲ್ಗೇಟಸ್ ಹಾಕಿದೀರಾ? ಅದೂ ಈಗ ಫೋಕೈಕೋಲಾ.

ಜಾರ್‌ಮುಚ್ಚಳ:
ಹಾಕಿರ್ಲಿಲ್ಲ. ಡಿಸ್ಟಾಸೊನಿಸ್ ಪ್ಯಾರಾಬ್ಯಾಕ್ಟೀರಾಯ್ಡಿಸ್ ಆಗಿದ್ದು ಮಾತ್ರ ಹಾಕಿದ್ದೆ. ಈಗ್ಲೇ ಸೇರಿಸ್ತೀನಿ.

ಪಿಜಿಎರಡನೇವರ್ಷ:
ಸರ್ ಆ ಹಾಳೆ ಇಲ್ಲೂ ಹಾಕ್ತೀರಾ ದಯವಿಟ್ಟು?